ಕಡಲು ದಾಟಿದ ಬೊಂಬೆಗಳು

ಐದಾರು ವರ್ಷದ ಮಗುವಿಗೆ ಪ್ರಪಂಚವೆಂದರೆ ತನ್ನ ಮನೆ, ತನ್ನ ಬೀದಿ, ಅಜ್ಜಿಯ ಊರು. ಆ ಎಲ್ಲೆಯ ಆಚೆಗೂ ಜನರಿದ್ದಾರೆ, ಅವರ ಮಾತು ಬೇರೆ, ಉಡುಪು ಬೇರೆ, ಹಬ್ಬಹುಣ್ಣಿಮೆ ಬೇರೆ ಎಂಬ ಅರಿವು ಅದಕ್ಕೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದು ಹೇಗೆ ಬರುತ್ತದೆ ಎಂಬುದೇ ಮುಖ್ಯವಾದ ಮಾತು. ಬೀದಿಯಲ್ಲಿ ಹೋಗುತ್ತಿರುವ ಪರದೇಶಿಯತ್ತ ಬೆರಳು ತೋರಿಸಿ ಮಗು ನಕ್ಕಾಗ ತಾಯಿಯೂ ನಕ್ಕು ಸುಮ್ಮನಾದರೆ, ಅದಕ್ಕೆ ಮೊದಲ ಪಾಠವಾಯಿತು. ಟೆಲಿವಿಷನ್ನಿನಲ್ಲಿ ಯಾವುದೋ ನಾಡಿನವರ ಊಟವನ್ನು ಕಂಡು ತಂದೆ ಮೂಗು ಮುರಿದರೆ, ಎರಡನೆಯ ಪಾಠವೂ ಆಯಿತು. ಭೂಗೋಳದ ಪುಸ್ತಕ ಕೈಗೆ ಬರುವ ಹೊತ್ತಿಗೆ ಇಂತಹ ಪಾಠಗಳು ಹತ್ತಾರು ನಡೆದುಹೋಗಿರುತ್ತವೆ. ಆಮೇಲೆ ಉಪಾಧ್ಯಾಯರು ಎಷ್ಟು ಹೇಳಿದರೂ ಮೊದಲು ಬಿದ್ದ ಅಚ್ಚು ಅಷ್ಟು ಸುಲಭವಾಗಿ ಅಳಿಯುವುದಿಲ್ಲ.

ಪರನಾಡುಗಳ ಆಚಾರ ವಿಚಾರಗಳನ್ನು ಎಳೆಯ ಮಕ್ಕಳಿಗೆ ತಿಳಿಸಬೇಕೆಂಬುದನ್ನು ಇಂದು ಅಲ್ಲಗಳೆಯುವವರು ವಿರಳ. ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳ ಮಕ್ಕಳು ಕಡಲಾಚೆಯ ಊರುಗಳಲ್ಲಿ ಸಂಸಾರ ಹೂಡಿದ್ದಾರೆ. ಅಜ್ಜ ಅಜ್ಜಿಯರ ಮಾತಿನಲ್ಲಿ ಆ ಊರುಗಳ ಹೆಸರುಗಳು ದಿನವೂ ಸುಳಿಯುತ್ತವೆ. ಆದರೂ ಮಕ್ಕಳಿಗೆ ದೊರೆಯುವ ತಿಳಿವಳಿಕೆ ಬಹುಮಟ್ಟಿಗೆ ಪಟ್ಟಿಯ ರೂಪದ್ದು. ಯಾವ ದೇಶಕ್ಕೆ ಯಾವ ರಾಜಧಾನಿ, ಯಾವ ಬಾವುಟಕ್ಕೆ ಎಷ್ಟು ಬಣ್ಣ, ಯಾರು ಏನನ್ನು ತಿನ್ನುತ್ತಾರೆ ಎಂಬುದನ್ನು ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಬಂದವರೆಲ್ಲ ಮೆಚ್ಚಿ ತಲೆದೂಗುತ್ತಾರೆ. ಇದು ನೆನಪಿನ ಶಕ್ತಿಗೆ ಒಳ್ಳೆಯ ಸಾಧನೆ. ಆ ನಾಡಿನ ಒಂದು ಮಗು ಎದುರಿಗೆ ಬಂದು ನಿಂತರೆ ಅದರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಾತ್ರ ಈ ಪಟ್ಟಿ ಕಲಿಸುವುದಿಲ್ಲ. ಅದನ್ನು ಕಲಿಸಲು ಹೊರಟ ಒಂದು ದೊಡ್ಡ ಪ್ರಯತ್ನ 1927ರಲ್ಲಿ ನಡೆಯಿತು. ಆ ಪ್ರಯತ್ನದ ಏಳುಬೀಳುಗಳು ಮಕ್ಕಳಿರುವ ಪ್ರತಿಯೊಂದು ಮನೆಗೂ ಸಲ್ಲುವಂತಹವು.

ಹನ್ನೆರಡು ಸಾವಿರ ಅತಿಥಿಗಳು

ಸಿಡ್ನಿ ಗುಲಿಕ್ ಎಂಬ ಅಮೆರಿಕದ ಪಾದ್ರಿ ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಜಪಾನಿನಲ್ಲಿದ್ದು, ಅಲ್ಲಿ ಬೋಧಕರಾಗಿ ದುಡಿದು, ಆ ಜನರ ನಡೆನುಡಿಗಳನ್ನು ಹತ್ತಿರದಿಂದ ಬಲ್ಲವರು. ಅವರು ಸ್ವದೇಶಕ್ಕೆ ಮರಳಿದ ಮೇಲೆ, 1924ರಲ್ಲಿ, ಅಮೆರಿಕ ಸರ್ಕಾರವು ವಲಸೆಯ ಬಗ್ಗೆ ಹೊಸ ಕಾಯಿದೆಯೊಂದನ್ನು ತಂದಿತು. ಜಪಾನೀಯರು ಅಲ್ಲಿಗೆ ಹೋಗಿ ನೆಲೆಸುವ ಬಾಗಿಲನ್ನು ಅದು ಮುಚ್ಚಿಬಿಟ್ಟಿತು. ಎರಡು ದೇಶಗಳ ನಡುವೆ ಕಹಿ ಬೆಳೆಯತೊಡಗಿತು. ಈ ಕಹಿಯನ್ನು ಕಡಿಮೆ ಮಾಡಲು ಬಹುಕಾಲದಿಂದ ಶ್ರಮಿಸುತ್ತಿದ್ದ ಗುಲಿಕ್ ಅವರು, ದೊಡ್ಡವರ ಮನಸ್ಸು ಬಲಿತ ಮರ, ಬಾಗಿಸುವುದು ಕಷ್ಟವೆಂದು ಕಂಡು ಮಕ್ಕಳ ಕಡೆಗೆ ತಿರುಗಿದರು.

ಜಪಾನಿನಲ್ಲಿ ಪ್ರತಿ ವರ್ಷ ಮಾರ್ಚ್ 3ರಂದು ಹೆಣ್ಣುಮಕ್ಕಳ ಬೊಂಬೆ ಹಬ್ಬ ನಡೆಯುತ್ತದೆ. ಅದಕ್ಕೆ 'ಹಿನಾ ಮತ್ಸುರಿ' ಎಂದು ಹೆಸರು. ಇದರ ವರ್ಣನೆಯನ್ನು ಕೇಳಿದರೆ ಮೈಸೂರು ಸೀಮೆಯ ಯಾವ ಗೃಹಿಣಿಗೂ ಆಶ್ಚರ್ಯವಾದೀತು. ಮೆಟ್ಟಿಲು ಮೆಟ್ಟಿಲಾಗಿ ಹಲಗೆಗಳನ್ನು ಜೋಡಿಸಿ, ಮೇಲೆ ಕೆಂಪು ಬಟ್ಟೆ ಹಾಸುತ್ತಾರೆ. ಅತ್ಯಂತ ಮೇಲಿನ ಮೆಟ್ಟಿಲಲ್ಲಿ ಚಕ್ರವರ್ತಿ ಮತ್ತು ಸಾಮ್ರಾಜ್ಞಿಯರ ಬೊಂಬೆಗಳು. ಕೆಳಗೆ ಮೂವರು ಸಖಿಯರು, ಐವರು ವಾದ್ಯಗಾರರು, ಮಂತ್ರಿಗಳು, ಸೇವಕರು. ಇನ್ನೂ ಕೆಳಗೆ ಪುಟ್ಟ ಪೆಟ್ಟಿಗೆಗಳು, ಪಲ್ಲಕ್ಕಿ, ಪಾತ್ರೆಪರಡಿ. ಪೀಚ್ ಹೂವಿನ ರೆಂಬೆಗಳಿಂದ ಅಲಂಕಾರ, ಮೂರು ಬಣ್ಣದ ಅಕ್ಕಿಯ ಸಿಹಿಯ ನೈವೇದ್ಯ. ಹಬ್ಬ ಮುಗಿದ ಮೇಲೆ ಬೊಂಬೆಗಳನ್ನು ಬೇಗನೆ ಎತ್ತಿಡದಿದ್ದರೆ ಮನೆಯ ಮಗಳ ಮದುವೆ ತಡವಾಗುತ್ತದೆಂದು ಅಲ್ಲಿಯ ಅಜ್ಜಿಯರ ನಂಬಿಕೆ! ದಸರೆಯಲ್ಲಿ ಪಟ್ಟದ ಬೊಂಬೆಗಳನ್ನು ಮೇಲೆ ಕೂರಿಸಿ, ಸಂಜೆ ಬೀದಿಯ ಮಕ್ಕಳಿಗೆಲ್ಲ ಬೊಂಬೆ ಬಾಗಿನ ಹಂಚುವ ಮನೆಗಳಿಗೂ ಆ ಮನೆಗಳಿಗೂ ನಡುವೆ ಸಾವಿರಾರು ಮೈಲಿಗಳ ದೂರವಿದೆ. ಬೊಂಬೆಯ ಮುಂದೆ ಕುಳಿತ ಹುಡುಗಿಯ ಮುಖದ ಹಿಗ್ಗಿನಲ್ಲಿ ಅಷ್ಟು ದೂರವಿಲ್ಲ.

ಈ ಹಬ್ಬಕ್ಕೆ ಅಮೆರಿಕದ ಮಕ್ಕಳಿಂದ ಜಪಾನಿನ ಮಕ್ಕಳಿಗೆ ಬೊಂಬೆಗಳನ್ನು ಕಳುಹಿಸಬೇಕೆಂಬುದೇ ಗುಲಿಕ್ ಅವರ ಯೋಜನೆ. ಶಾಲೆಗಳಲ್ಲಿ, ಚರ್ಚುಗಳಲ್ಲಿ, ಮಕ್ಕಳ ಸಂಘಗಳಲ್ಲಿ ಕಾಸು ಕೂಡಿತು. ಮಕ್ಕಳು ಬೊಂಬೆಗಳನ್ನು ಆರಿಸಿದರು. ತಾಯಂದಿರೂ ಅಕ್ಕಂದಿರೂ ಅವಕ್ಕೆ ಬಟ್ಟೆ ಹೊಲಿದರು. ಒಂದೊಂದು ಬೊಂಬೆಗೂ ಒಂದೊಂದು ಹೆಸರು. ಮನುಷ್ಯರು ಪ್ರಯಾಣ ಮಾಡುವಾಗ ಇರಬೇಕಾದಂತೆ ಪ್ರತಿಯೊಂದಕ್ಕೂ ಪುಟ್ಟ ಪಾಸ್‌ಪೋರ್ಟ್, ಪ್ರಯಾಣದ ಟಿಕೆಟ್. ಜೊತೆಗೆ ಮಕ್ಕಳು ಬರೆದ ಕಾಗದ. ಹೀಗೆ ಸಜ್ಜಾಗಿ ಹಡಗು ಹತ್ತಿದ ಬೊಂಬೆಗಳು ಒಟ್ಟು 12,739.

ಜಪಾನಿನ ಕಡೆಯಲ್ಲಿ ಈ ಕಾರ್ಯಕ್ಕೆ ಹೆಗಲು ಕೊಟ್ಟವರು ಶಿಬುಸಾವಾ ಎಯಿಚಿ ಎಂಬ ಪ್ರಖ್ಯಾತ ಉದ್ಯಮಪತಿಗಳು. ಎಂಬತ್ತು ದಾಟಿದ ಆ ವೃದ್ಧರು ಬೊಂಬೆಗಳ ಸ್ವಾಗತಕ್ಕೆ ಮುಂದೆ ನಿಂತರು. 1927ರ ಮಾರ್ಚ್ 3ರಂದು ಟೋಕಿಯೋ ನಗರದಲ್ಲಿ ಸ್ವಾಗತ ಸಮಾರಂಭ ಜರುಗಿತು. ಬಳಿಕ ಬೊಂಬೆಗಳು ದೇಶದ ಮೂಲೆಮೂಲೆಯ ಪ್ರಾಥಮಿಕ ಶಾಲೆಗಳಿಗೂ ಶಿಶುವಿಹಾರಗಳಿಗೂ ಹಂಚಿಹೋದವು. ಆ ವೇಳೆಗಾಗಲೇ ಜಪಾನಿನ ಮಕ್ಕಳ ನಾಲಗೆಯ ಮೇಲೆ ನಲಿಯುತ್ತಿದ್ದ ಒಂದು ಹಾಡಿನಿಂದಾಗಿ ಅವಕ್ಕೆ 'ನೀಲಿಗಣ್ಣಿನ ಬೊಂಬೆಗಳು' ಎಂಬ ಹೆಸರು ನಿಂತಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಹಳ್ಳಿಯ ಶಾಲೆಯೊಂದಕ್ಕೆ ಬಂದ ಬೊಂಬೆ ಅಲ್ಲಿಯ ಮಕ್ಕಳಿಗೆ ಅಮೆರಿಕದ ಬಗ್ಗೆ ಎಷ್ಟು ತಿಳಿಸಿತು? ಭೂಗೋಳದ ದೃಷ್ಟಿಯಿಂದ ನೋಡಿದರೆ ತೀರ ಅಲ್ಪ. ಆ ಬೊಂಬೆ ಬಂದುದು ಪಾಠವಾಗಿ ಅಲ್ಲ, ಅತಿಥಿಯಾಗಿ. ಅದಕ್ಕೆ ಹೆಸರಿತ್ತು. ಅದನ್ನು ಕಳುಹಿಸಿದ ಮಗುವಿಗೂ ಹೆಸರಿತ್ತು. ಅತಿಥಿಯನ್ನು ಬರಮಾಡಿಕೊಳ್ಳುವುದು ಹೇಗೆ, ಎಲ್ಲಿ ಕೂರಿಸುವುದು, ಏನು ಮಾತನಾಡಿಸುವುದು ಎಂಬುದನ್ನು ಮಕ್ಕಳು ಯೋಚಿಸಬೇಕಾಯಿತು. 'ಅವರು' ಎಂಬ ದೂರದ ಮಾತು ಕರಗಿ, 'ಇವಳು' ಎಂಬ ಹತ್ತಿರದ ಮಾತು ಹುಟ್ಟಿತು.

ಬರಿದಾಗಿ ಮರಳದ ಪಾತ್ರೆ

ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಕನ್ನಡ ನಾಡಿನ ಮನೆಮನೆಯ ರೂಢಿ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಜಪಾನೀಯರದೂ ಇಂತಹುದೇ ಸಂಪ್ರದಾಯ. ಬಂದ ಉಡುಗೊರೆಗೆ ಪ್ರತಿಯಾಗಿ ಉಡುಗೊರೆ ಕಳುಹಿಸದಿದ್ದರೆ ಅವರಿಗೆ ಸಮಾಧಾನವಿಲ್ಲ.

ಶಾಲೆಯ ಹೆಣ್ಣುಮಕ್ಕಳಿಂದ ತಲಾ ಒಂದು 'ಸೆನ್' ಸಂಗ್ರಹವಾಯಿತು. ಸೆನ್ ಎಂದರೆ ಅಲ್ಲಿಯ ರೂಪಾಯಿಯಂತಿರುವ ಯೆನ್‌ನಲ್ಲಿ ನೂರನೆಯ ಒಂದು ಪಾಲು. ಹೀಗೆ ಕಾಸು ಕೊಟ್ಟ ಬಾಲೆಯರ ಸಂಖ್ಯೆ ಸುಮಾರು 26 ಲಕ್ಷ. ಆ ಹಣದಿಂದ ದೇಶದ ಶ್ರೇಷ್ಠ ಕುಶಲಿಗಳು 58 ಬೊಂಬೆಗಳನ್ನು ಮಾಡಿದರು. ಒಂದೊಂದೂ ಎರಡೂವರೆ ಅಡಿಗೂ ಮಿಕ್ಕ ಎತ್ತರ, ಚಿಪ್ಪಿನ ನುಣುಪಾದ ಪುಡಿಯಿಂದ ಲೇಪಿಸಿದ ಮುಖ, ರೇಷ್ಮೆಯ ಕಿಮೋನೋ, ಜೊತೆಗೆ ಚಹದ ಪಾತ್ರೆಗಳು, ದೀಪಗಳು, ಪುಟ್ಟ ಪೆಟ್ಟಿಗೆಗಳು. ಪ್ರಾಂತ್ಯಕ್ಕೊಂದು, ದೊಡ್ಡ ನಗರಕ್ಕೊಂದು ಎಂಬಂತೆ ಇವು ಆಯಾ ಊರಿನ ಪ್ರತಿನಿಧಿಗಳಾಗಿ, ಅದೇ 1927ರ ಕೊನೆಯಲ್ಲಿ ಅಮೆರಿಕಕ್ಕೆ ಹೊರಟವು. ಅಲ್ಲಿ ನೂರಾರು ಊರುಗಳಲ್ಲಿ ಮಕ್ಕಳಿಗೆ ದರ್ಶನವಿತ್ತು, ಕಡೆಗೆ ವಸ್ತುಸಂಗ್ರಹಾಲಯಗಳಲ್ಲಿ ನೆಲೆಸಿದವು.

ಕಲಿಯುವ ಮಗುವೇ ಕಲಿಸುವ ಮಗುವೂ ಆಗಬೇಕೆಂಬುದು ಈ ಪ್ರತ್ಯುಪಕಾರದಲ್ಲಿ ಅಡಗಿರುವ ನೀತಿ. ಪರರ ಬಗ್ಗೆ ತಿಳಿದುಕೊಳ್ಳುವುದೆಂದರೆ ಅವರನ್ನು ನಿಲ್ಲಿಸಿ ನೋಡುವುದಷ್ಟೇ ಅಲ್ಲ. ತನ್ನನ್ನೂ ಅವರ ಎದುರಿಗೆ ನಿಲ್ಲಿಸಿಕೊಳ್ಳುವುದು. ಅಮೆರಿಕಕ್ಕೆ ಏನನ್ನು ಕಳುಹಿಸಿದರೆ ತಮ್ಮ ಊರು ಅವರಿಗೆ ಅರ್ಥವಾದೀತೆಂದು ಯೋಚಿಸುವಾಗ, ಆ ಬಾಲೆಯರು ತಮ್ಮ ಊರನ್ನೂ ಹೊಸದಾಗಿ ನೋಡಿರಬೇಕು.

ಬೆಂಕಿಯ ದಿನಗಳು

ಕಥೆ ಇಲ್ಲಿಗೇ ಮುಗಿದಿದ್ದರೆ ಸೊಗಸಾಗಿರುತ್ತಿತ್ತು. ಹಾಗಾಗಲಿಲ್ಲ. 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಎರಡೂ ದೇಶಗಳ ನಡುವೆ ಘೋರ ಯುದ್ಧ ಹೊತ್ತಿಕೊಂಡಿತು. ಹದಿನಾಲ್ಕು ವರ್ಷ ಶಾಲೆಯ ಗಾಜಿನ ಪೆಟ್ಟಿಗೆಯಲ್ಲಿ ನಗುತ್ತ ಕುಳಿತಿದ್ದ ಅತಿಥಿ ಒಂದೇ ದಿನದಲ್ಲಿ ಶತ್ರುವಾದಳು. 1943ರ ಸುಮಾರಿಗೆ ನೀಲಿಗಣ್ಣಿನ ಬೊಂಬೆಗಳನ್ನು ನಾಶಮಾಡಬೇಕೆಂಬ ಕೂಗು ಬಲವಾಯಿತು. ಶಾಲೆಯ ಅಂಗಳಗಳಲ್ಲಿ ಅವನ್ನು ಸುಟ್ಟರು; ಬಿದಿರಿನ ಈಟಿಗಳಿಂದ ತಿವಿದರು. ಯಾವ ಮಕ್ಕಳಿಗೆ ಸ್ನೇಹ ಕಲಿಸಲೆಂದು ಬಂದಿದ್ದವೋ, ಅಂತಹ ಮಕ್ಕಳ ಕಣ್ಣೆದುರಿಗೇ ಇದು ನಡೆಯಿತು.

ಹಾಗಾದರೆ ಗುಲಿಕ್ ಅವರ ಪ್ರಯತ್ನ ವ್ಯರ್ಥವಾಯಿತೆ? ಕಾಯಿದೆಯನ್ನು ಅದು ಬದಲಿಸಲಿಲ್ಲ, ಯುದ್ಧವನ್ನು ತಡೆಯಲಿಲ್ಲ. ಬೊಂಬೆಯ ಕೈಯಲ್ಲಿ ಅಂತಹ ಶಕ್ತಿಯಿದೆಯೆಂದು ನಂಬುವುದೂ ಸರಿಯಲ್ಲ. ಪರದೇಶದ ಹಾಡು, ಕುಣಿತ, ತಿಂಡಿಗಳನ್ನು ಮಕ್ಕಳಿಗೆ ಪರಿಚಯಿಸಿಬಿಟ್ಟರೆ ಜಗತ್ತಿನಲ್ಲಿ ಶಾಂತಿ ನೆಲೆಸುತ್ತದೆಂದು ಹೇಳುವವರು ಈ ಬೆಂಕಿಯನ್ನು ಮರೆಯಬಾರದು.

ಆದರೆ ಎಲ್ಲ ಬೊಂಬೆಗಳೂ ಸುಡಲಿಲ್ಲ. ಕೆಲವು ಶಾಲೆಗಳಲ್ಲಿ ಉಪಾಧ್ಯಾಯರೂ ಉಪಾಧ್ಯಾಯಿನಿಯರೂ ಬೊಂಬೆಯನ್ನು ರಾತ್ರೋರಾತ್ರಿ ಕಣ್ಮರೆ ಮಾಡಿದರು. ಒಂದು ಉಗ್ರಾಣದ ಮೂಲೆಗೆ ಹೋಯಿತು, ಒಂದು ಅಟ್ಟಕ್ಕೇರಿತು, ಮತ್ತೊಂದು ಬಟ್ಟೆಯಲ್ಲಿ ಸುತ್ತಿಕೊಂಡು ಯಾರದೋ ಮನೆ ಸೇರಿತು. ಸಿಕ್ಕಿಬಿದ್ದರೆ ದೇಶದ್ರೋಹಿಯೆಂಬ ಹೆಸರು ಬರುವ ಕಾಲ. ಯುದ್ಧ ಮುಗಿದು, ಬೊಂಬೆಗಳ ಸುದ್ದಿಯನ್ನೇ ಲೋಕ ಮರೆತು, 1970ರ ದಶಕದಲ್ಲಿ ಮತ್ತೆ ಹುಡುಕಾಟ ಮೊದಲಾದಾಗ ಅಲ್ಲೊಂದು ಇಲ್ಲೊಂದು ಹೊರಬರತೊಡಗಿದವು. ಹೀಗೆ ಉಳಿದವೆಂದು ಗೊತ್ತಾಗಿರುವುದು ಮುನ್ನೂರಕ್ಕೂ ಸ್ವಲ್ಪ ಹೆಚ್ಚು. ಅಮೆರಿಕಕ್ಕೆ ಹೋಗಿದ್ದ ಬೊಂಬೆಗಳಲ್ಲಿ ಹಲವನ್ನು ಯುದ್ಧಕಾಲದಲ್ಲಿ ಉಗ್ರಾಣಕ್ಕೆ ಸೇರಿಸಿದ್ದರು. ಅವುಗಳಲ್ಲಿ ಬಹುಪಾಲು ಇಂದಿಗೂ ಉಳಿದಿವೆ. ಗುಲಿಕ್ ಅವರು 1945ರಲ್ಲೇ ತೀರಿಕೊಂಡಿದ್ದರು. 1980ರ ದಶಕದಲ್ಲಿ ಅವರದೇ ಹೆಸರಿನ ಮೊಮ್ಮಗ ಜಪಾನಿನ ಶಾಲೆಗಳಿಗೆ ಮತ್ತೆ ಬೊಂಬೆಗಳನ್ನು ಕಳುಹಿಸಲಾರಂಭಿಸಿದರು.

ಹನ್ನೆರಡು ಸಾವಿರದಲ್ಲಿ ಮುನ್ನೂರು! ಲೆಕ್ಕದಲ್ಲಿ ಇದು ಸೋಲು. ಆದರೆ ಆ ಮುನ್ನೂರರ ಹಿಂದೆ ಒಬ್ಬೊಬ್ಬ ಮನುಷ್ಯನಿದ್ದನೆಂಬುದನ್ನು ನೆನೆಯಬೇಕು. ಊರೆಲ್ಲ ಒಂದು ಕಡೆ ಕೂಗುತ್ತಿರುವಾಗ, 'ಇವಳು ನಮ್ಮ ಮನೆಗೆ ಬಂದ ಅತಿಥಿ' ಎಂದು ಒಬ್ಬರ ಮನಸ್ಸು ಒಳಗೊಳಗೇ ನುಡಿಯಿತು. ಬಾಲ್ಯದ ಶಿಕ್ಷಣ ಕೊಡಬಹುದಾದುದು ಇಷ್ಟೇ: ಗುಂಪು ಕೆರಳಿದಾಗ ಗುಂಪಿನಿಂದ ಒಂದು ಹೆಜ್ಜೆ ಹಿಂದೆ ನಿಲ್ಲುವ ಶಕ್ತಿ. ಇದು ಅಲ್ಪವಲ್ಲ.

ಕನ್ನಡ ಬಲ್ಲ ಆನೆ

ಯುದ್ಧದ ಬೆಂಕಿ ಮಕ್ಕಳ ಲೋಕವನ್ನು ಇನ್ನೊಂದು ಬಗೆಯಲ್ಲಿಯೂ ಸುಟ್ಟಿತ್ತು. ಟೋಕಿಯೋದ ಉಯೆನೋ ಮೃಗಾಲಯದಲ್ಲಿ, ಬಾಂಬು ಬಿದ್ದರೆ ಪ್ರಾಣಿಗಳು ತಪ್ಪಿಸಿಕೊಂಡಾವೆಂಬ ಕಾರಣ ಹೇಳಿ, 1943ರಲ್ಲಿ ಸಿಂಹ ಮುಂತಾದ ಮೃಗಗಳನ್ನು ಕೊಂದರು. ಮೂರು ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದರು. ಯುದ್ಧಾನಂತರ ಜಪಾನಿನಲ್ಲಿ ಉಳಿದಿದ್ದ ಆನೆಗಳು ಎರಡೇ, ಅವೂ ನಾಗೋಯಾ ನಗರದಲ್ಲಿ. ಆನೆಯನ್ನು ನೋಡಲೆಂದೇ 1949ರಲ್ಲಿ ಮಕ್ಕಳನ್ನು ತುಂಬಿಕೊಂಡ ವಿಶೇಷ ರೈಲುಗಳು ನಾಗೋಯಾಕ್ಕೆ ಓಡಿದವು. ಟೋಕಿಯೋದ ಮಕ್ಕಳು ತಮ್ಮೂರಿಗೂ ಒಂದು ಆನೆ ಬೇಕೆಂದು ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ನೂರಾರು ಕಾಗದಗಳನ್ನು ಬರೆದರು. ಚಿತ್ರಗಳನ್ನೂ ಬಿಡಿಸಿ ಕಳುಹಿಸಿದರು.

ಆ ಕೋರಿಕೆಗೆ ಓಗೊಟ್ಟು ನೆಹರೂ ಅವರು ಕಳುಹಿಸಿದ ಆನೆ ಮೈಸೂರಿನದು. ತಮ್ಮ ಮಗಳ ಹೆಸರನ್ನೇ ಅದಕ್ಕಿಟ್ಟು 'ಇಂದಿರಾ' ಎಂದು ಕರೆದರು. ಇದು ತಮ್ಮ ಕೊಡುಗೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕಳುಹಿಸಿದ ಕೊಡುಗೆ ಎಂಬ ಭಾವದ ಪತ್ರವನ್ನೂ ಜೊತೆಗೆ ಬರೆದರು. 1949ರ ಸೆಪ್ಟೆಂಬರಿನಲ್ಲಿ ಇಂದಿರಾ ಟೋಕಿಯೋ ತಲುಪಿದಳು.

ಅಲ್ಲಿ ಒಂದು ಸ್ವಾರಸ್ಯ ಎದುರಾಯಿತು. ಇಂದಿರಾಳಿಗೆ ಜಪಾನೀ ಭಾಷೆ ತಿಳಿಯದು. ಅವಳು ಬಲ್ಲುದು ಕನ್ನಡದ ಅಪ್ಪಣೆಗಳನ್ನು! ಜೊತೆಯಲ್ಲಿ ಹೋಗಿದ್ದ ಇಬ್ಬರು ಮಾವುತರು ಕೆಲಕಾಲ ಅಲ್ಲಿಯೇ ನಿಂತು ಮೃಗಾಲಯದ ಸಿಬ್ಬಂದಿಗೆ ಆನೆಯನ್ನು ನಡೆಸುವ ಕ್ರಮವನ್ನೂ ಅದರ ಮಾತನ್ನೂ ಕಲಿಸಿದರು. ಅತಿಥಿ ತಮ್ಮ ಭಾಷೆ ಕಲಿಯಲಿ ಎಂದು ಕಾಯದೆ, ಆತಿಥೇಯರೇ ಅತಿಥಿಯ ನಾಲ್ಕು ಮಾತುಗಳನ್ನು ಕಲಿತರು. ಮರುವರ್ಷ ಇಂದಿರಾ ಜಪಾನಿನ ಹಲವು ಊರುಗಳಿಗೆ ಸಂಚಾರ ಹೊರಟು ಲಕ್ಷಾಂತರ ಮಂದಿಯನ್ನು ಕಂಡು ಬಂದಳು. 1957ರಲ್ಲಿ ನೆಹರೂ ಅವರು ಮಗಳೊಡನೆ ಜಪಾನಿಗೆ ಹೋದಾಗ ಇಬ್ಬರು ಇಂದಿರೆಯರ ಭೇಟಿಯೂ ಆಯಿತು. ಮೈಸೂರಿನ ಆ ಆನೆ 1983ರವರೆಗೆ ಬದುಕಿ ಮೂರು ತಲೆಮಾರಿನ ಮಕ್ಕಳನ್ನು ನಲಿಸಿತು.

ಈ ಕಥೆಯನ್ನು ಕನ್ನಡದ ಮಗುವಿಗೆ ಹೇಳಿ ನೋಡಬೇಕು. ಜಪಾನ್ ಎಲ್ಲಿದೆ ಎಂದು ಅದೇ ಕೇಳುತ್ತದೆ. ಆನೆ ಹಡಗಿನಲ್ಲಿ ಏನು ತಿಂದಿತು, ಅದಕ್ಕೆ ಊರಿನ ನೆನಪಾಗಲಿಲ್ಲವೆ, ಅಲ್ಲಿಯವರಿಗೆ ಕನ್ನಡ ಬಂದಿತೆ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕುತ್ತದೆ. ಭೂಗೋಳದ ಪಾಠ ಮೊದಲಾಗಬೇಕಾದುದು ಇಂತಹ ಪ್ರಶ್ನೆಗಳಿಂದ.

ದೆಹಲಿಯ ಬೊಂಬೆಮನೆ

ಬೊಂಬೆಗಳ ಮೂಲಕ ಮಕ್ಕಳಿಗೆ ಜಗತ್ತನ್ನು ಪರಿಚಯಿಸುವ ಕೆಲಸ ಭಾರತದಲ್ಲಿಯೂ ನಡೆದಿದೆ. ಪ್ರಸಿದ್ಧ ವ್ಯಂಗ್ಯಚಿತ್ರಕಾರ ಶಂಕರ್ ಅವರು 1949ರಲ್ಲಿ ಮಕ್ಕಳಿಗಾಗಿ ಚಿತ್ರ ಮತ್ತು ಬರಹಗಳ ಸ್ಪರ್ಧೆಯನ್ನು ಏರ್ಪಡಿಸಿದರು. ಬಹುಬೇಗ ಹೊರದೇಶಗಳ ಮಕ್ಕಳೂ ಅದರಲ್ಲಿ ಸೇರಿಕೊಂಡರು. ಸ್ಪರ್ಧೆಯ ಬಹುಮಾನಕ್ಕೆಂದು ಹಂಗೆರಿ ದೇಶದ ರಾಯಭಾರಿ ಒಂದು ಬೊಂಬೆಯನ್ನು ಕೊಟ್ಟರು. ಅದನ್ನು ಕಂಡು ಶಂಕರ್ ಅವರಿಗೇ ಮೋಹ ಹುಟ್ಟಿತು. ಹೋದ ಹೋದ ದೇಶಗಳಿಂದ ಅವರು ಬೊಂಬೆಗಳನ್ನು ತರತೊಡಗಿದರು. ಮಕ್ಕಳ ಚಿತ್ರಗಳ ಜೊತೆಯಲ್ಲಿ ಅವುಗಳ ಪ್ರದರ್ಶನವೂ ಊರೂರುಗಳಲ್ಲಿ ನಡೆಯಿತು. ಇವಕ್ಕೆ ಒಂದು ಶಾಶ್ವತ ನೆಲೆ ಬೇಕೆಂಬ ಸಲಹೆ ಇಂದಿರಾ ಗಾಂಧಿಯವರದು. 1965ರ ನವೆಂಬರ್ 30ರಂದು, ಅಂದಿನ ರಾಷ್ಟ್ರಪತಿ ಸರ್ವಪಲ್ಲಿ ರಾಧಾಕೃಷ್ಣನ್ ಅವರು ದೆಹಲಿಯಲ್ಲಿ ಅಂತರರಾಷ್ಟ್ರೀಯ ಬೊಂಬೆಗಳ ಸಂಗ್ರಹಾಲಯವನ್ನು ಉದ್ಘಾಟಿಸಿದರು. ಒಂದು ಸಾವಿರ ಬೊಂಬೆಗಳಿಂದ ಮೊದಲಾದ ಸಂಗ್ರಹ ಮುಂದೆ ಆರು ಸಾವಿರವನ್ನೂ ಮೀರಿತು.

ಇಲ್ಲಿಯೂ ಪಾತ್ರೆ ಬರಿದಾಗಿ ಮರಳುವುದಿಲ್ಲವೆಂಬುದು ವಿಶೇಷ. ಭಾರತದ ನಾನಾ ಪ್ರಾಂತ್ಯಗಳ ವಧೂವರರು, ನೃತ್ಯಗಾರರು, ಕಸುಬುದಾರರು ಮೊದಲಾದ ಬೊಂಬೆಗಳನ್ನು ಅಲ್ಲಿಯ ಕಾರ್ಯಾಗಾರದಲ್ಲಿಯೇ ಮಾಡಿ, ಹೊರದೇಶಗಳಿಂದ ಬಂದ ಕೊಡುಗೆಗಳಿಗೆ ಪ್ರತಿಯಾಗಿ ಕಳುಹಿಸುವ ಪದ್ಧತಿ ಬೆಳೆಯಿತು.

ಬೊಂಬೆಗಳಿಗೆ ಒಂದು ಮಿತಿಯೂ ಉಂಟು. ಅವು ಯಾವಾಗಲೂ ಹಬ್ಬದ ಉಡುಪಿನಲ್ಲಿರುತ್ತವೆ. ಜಪಾನಿನ ಬೊಂಬೆಯನ್ನು ಕಂಡ ಮಗು ಅಲ್ಲಿಯವರೆಲ್ಲ ದಿನವೂ ಕಿಮೋನೋ ಉಟ್ಟೇ ರೈಲು ಹತ್ತುತ್ತಾರೆಂದು ತಿಳಿಯಬಹುದು. ನೀಲಿಗಣ್ಣಿಲ್ಲದ ಮಕ್ಕಳೂ ಅಮೆರಿಕದಲ್ಲಿ ಅಸಂಖ್ಯರೆಂಬುದನ್ನು 1927ರ ಬೊಂಬೆಗಳು ತಿಳಿಸಿರಲಾರವು. ಇದಕ್ಕೆ ಸುಲಭವಾದ ಪರಿಹಾರವೊಂದಿದೆ. ಮಗುವಿನ ಮುಂದೆಯೇ ಪ್ರಶ್ನೆಯನ್ನು ತಿರುಗಿಸಿ ಇಡಬೇಕು. "ಈ ಮನೆಯಿಂದ ಒಂದು ಬೊಂಬೆಯನ್ನು ದೂರದ ದೇಶಕ್ಕೆ ಕಳುಹಿಸುವುದಾದರೆ ಅದಕ್ಕೆ ಏನು ಉಡಿಸುವೆ? ರೇಷ್ಮೆ ಲಂಗವೋ, ಶಾಲೆಯ ಸಮವಸ್ತ್ರವೋ? ಅಜ್ಜಿಯಂತೆ ಸೀರೆಯೋ, ಅಕ್ಕನಂತೆ ಚೂಡಿದಾರವೋ?" ಒಂದೇ ಮನೆಗೆ ಒಂದು ಬೊಂಬೆ ಸಾಲದೆಂದು ಮಗುವಿಗೆ ಆಗ ಹೊಳೆಯುತ್ತದೆ. ಒಂದು ದೇಶಕ್ಕೆ ಒಂದು ಬೊಂಬೆ ಹೇಗೆ ಸಾಕಾದೀತು?

ಮನೆಯಲ್ಲಿ ಆಗಬಹುದಾದುದು

ಸಂಗ್ರಹಾಲಯವೂ ಆನೆಯೂ ಎಲ್ಲರಿಗೂ ದೊರೆಯುವುದಿಲ್ಲ. ಮನೆಯಲ್ಲಿ ಇರುವ ಸಾಮಗ್ರಿಯಿಂದಲೇ ಈ ಶಿಕ್ಷಣ ನಡೆಯಬಹುದು. ಅದಕ್ಕೆ ಮೂರು ಮಾತುಗಳನ್ನು ಮನಸ್ಸಿನಲ್ಲಿಟ್ಟರೆ ಸಾಕು.

ಮೊದಲನೆಯದು, ಸಾಮ್ಯವನ್ನು ಮೊದಲು ತೋರಿಸಿ ಭೇದವನ್ನು ಆಮೇಲೆ ಹೇಳುವುದು. ಜಪಾನೀಯರು ಮನೆಯೊಳಕ್ಕೆ ಹೋಗುವಾಗ ಪಾದರಕ್ಷೆಗಳನ್ನು ಬಾಗಿಲಲ್ಲೇ ಬಿಡುತ್ತಾರೆ. ಮಗುವಿಗೆ ಇದು ತನ್ನ ಮನೆಯ ಮಾತು. ಅಲ್ಲಿಂದ ಮುಂದೆ, ಅವರು ಕಡ್ಡಿಗಳಿಂದ ಅನ್ನ ತಿನ್ನುವ ಸಂಗತಿಗೆ ಹೋದರೆ ಅದು ವಿಚಿತ್ರವೆನಿಸದೆ ಒಂದು ಜಾಣ್ಮೆಯೆನಿಸುತ್ತದೆ. ಯುಗಾದಿಯ ದಿನ ಬೇವು ಬೆಲ್ಲ ತಿನ್ನುವ ಮಗುವಿಗೆ ಇರಾನಿನವರ ಹೊಸವರ್ಷವಾದ 'ನೌರೋಜ್' ವಿಷಯ ಹೇಳಬಹುದು. ಅದೂ ವಸಂತದ ಹಬ್ಬವೇ. ಮಾರ್ಚ್ 20 ಅಥವಾ 21ರ ಸುಮಾರಿಗೆ ಬರುತ್ತದೆ. ಅವರ ಭಾಷೆಯಲ್ಲಿ 'ಸ'ಕಾರದಿಂದ ಮೊದಲಾಗುವ ಹೆಸರಿನ ಏಳು ವಸ್ತುಗಳನ್ನು ಹಾಸಿನ ಮೇಲೆ ಜೋಡಿಸುತ್ತಾರೆ. ಅವುಗಳಲ್ಲಿ ಸೇಬು, ಬೆಳ್ಳುಳ್ಳಿ, ಮೊಳಕೆ ಬಂದ ಪೈರು ಇರುತ್ತವೆ. ಪಿತೃಪಕ್ಷದಲ್ಲಿ ತೀರಿಕೊಂಡ ತಾತನಿಗೆ ಇಷ್ಟವಾದ ತಿಂಡಿಯನ್ನೇ ಎಡೆಗೆ ಬಡಿಸುವುದನ್ನು ಕಂಡ ಮಗುವಿಗೆ ಮೆಕ್ಸಿಕೋ ದೇಶದವರ ಆಚರಣೆಯೂ ತಿಳಿಯುತ್ತದೆ. ನವೆಂಬರ್ ಮೊದಲೆರಡು ದಿನ ಅವರು ಅಗಲಿದವರ ಚಿತ್ರವಿಟ್ಟು, ಚೆಂಡು ಹೂವಿನಿಂದ ಅಲಂಕರಿಸಿ, ಅವರು ಮೆಚ್ಚುತ್ತಿದ್ದ ಊಟವನ್ನು ಮುಂದಿಡುತ್ತಾರೆ. ತಲೆಬುರುಡೆಯ ಆಕಾರದ ಸಕ್ಕರೆ ಅಚ್ಚುಗಳನ್ನು ಮಾತ್ರ ತೋರಿಸಿದರೆ ಮಗು ಹೆದರೀತು ಅಥವಾ ನಕ್ಕೀತು. ತಾತನ ಎಡೆಯಿಂದ ಮೊದಲಿಟ್ಟರೆ ಅದು ತಾನಾಗಿಯೇ ಕೈಮುಗಿದೀತು.

ಎರಡನೆಯದು, ದೂರದೇಶಕ್ಕಿಂತ ಮೊದಲು ಪಕ್ಕದ ಮನೆ. ರಂಜಾನಿನ ದಿನ ನೆರೆಮನೆಯಿಂದ ಬರುವ ಶೀರ್ ಖುರ್ಮಾ, ಕ್ರಿಸ್‌ಮಸ್ಸಿಗೆ ಮಂಗಳೂರಿನ ಗೆಳತಿ ಕಳುಹಿಸುವ ಕುಸ್ವಾರ್, ಇವು ಮಗುವಿನ ಪಾಲಿಗೆ ಪ್ರಪಂಚ ಪರ್ಯಟನದ ಮೊದಲ ನಿಲ್ದಾಣಗಳು. ಆ ಪಾತ್ರೆಯನ್ನು ತುಂಬಿ ಹಿಂದಿರುಗಿಸುವ ಕೆಲಸವನ್ನು ಮಗುವಿನ ಕೈಯಲ್ಲೇ ಮಾಡಿಸಬೇಕು. ಪಕ್ಕದ ಮನೆಯವರ ಹಬ್ಬಕ್ಕೆ ಬಾಗಿಲು ಮುಚ್ಚಿಕೊಂಡು, ಮೆಕ್ಸಿಕೋದ ಹಬ್ಬವನ್ನು ಮಗುವಿಗೆ ಬಣ್ಣಿಸುವ ತಾಯಿತಂದೆಯರು ಕಲಿಸುವುದು ಸಂಸ್ಕೃತಿಯನ್ನಲ್ಲ, ಕಪಟವನ್ನು. ಮಗು ಅದನ್ನು ಬಹುಬೇಗ ಕಂಡುಹಿಡಿಯುತ್ತದೆ.

ಮೂರನೆಯದು, ಹೆಸರು ಮತ್ತು ನಾಲ್ಕು ಮಾತು. ಜಗತ್ತಿನ ನೂರು ದೇಶಗಳ ಬಾವುಟಗಳಿಗಿಂತ ಒಂದು ದೇಶದ ಒಂದು ಮಗುವಿನ ಹೆಸರು ಹೆಚ್ಚಿನದು. ಚಿಕ್ಕಪ್ಪನೋ ಅತ್ತೆಯೋ ಹೊರದೇಶದಲ್ಲಿದ್ದರೆ, ಅವರ ಪಕ್ಕದ ಮನೆಯ ಮಗುವಿನ ಹೆಸರೇನು, ಅದು ಏನು ಆಡುತ್ತದೆ, ತಾಯಿಯನ್ನು ಹೇಗೆ ಕರೆಯುತ್ತದೆ ಎಂದು ಬರೆದು ಕೇಳಬಹುದು. ಆ ಮಗುವಿಗೆ ಇಲ್ಲಿಂದ ಒಂದು ಚಿತ್ರ ಹೋಗಲಿ. ಅಲ್ಲಿಂದ ಒಂದು ಬರಲಿ. ನಮಸ್ಕಾರ, ಧನ್ಯವಾದ, ಬಾ, ಊಟ ಆಯಿತೆ ಎಂಬ ನಾಲ್ಕು ಮಾತುಗಳನ್ನು ಆ ಭಾಷೆಯಲ್ಲಿ ಕಲಿತರೆ ಸಾಕು. ಇಂದಿರಾಳ ಪಾಲಕರು ಆನೆಗಾಗಿ ಮಾಡಿದುದನ್ನು ಮನುಷ್ಯರಿಗಾಗಿ ಮಾಡುವುದು ಕಷ್ಟವಲ್ಲ.

ದಸರೆಯ ಬೊಂಬೆಮೆಟ್ಟಿಲು ಇದಕ್ಕೆಲ್ಲ ಸಿದ್ಧವಾಗಿ ನಿಂತಿರುವ ಶಾಲೆ. ಪಟ್ಟದ ಬೊಂಬೆಗಳ ಕೆಳಗೆ, ಚನ್ನಪಟ್ಟಣದ ಬಣ್ಣದ ಬೊಂಬೆಗಳ ಪಕ್ಕದಲ್ಲಿ, ಒಂದು ಮೆಟ್ಟಿಲನ್ನು ಪರದೇಶದ ಅತಿಥಿಗೆ ಬಿಡಬಹುದು. ಆ ಚನ್ನಪಟ್ಟಣದ ಅರಗಿನ ಕೆಲಸಕ್ಕೂ ಜಪಾನಿನ ನಂಟಿದೆಯೆಂದು ಪ್ರತೀತಿ. ಬವಾಸ್ ಮಿಯಾ ಎಂಬ ಕುಶಲಿಗಳು ಅಲ್ಲಿಯ ವಿಧಾನವನ್ನು ಇಲ್ಲಿಗೆ ಅಳವಡಿಸಿದರೆಂದು ಹೇಳುತ್ತಾರೆ. ಅತಿಥಿ ಬೊಂಬೆ ದುಬಾರಿಯದಾಗಬೇಕಿಲ್ಲ. ಹಳೆಯ ಬಟ್ಟೆಯ ಚೂರುಗಳಿಂದ ಮಗುವೇ ಮಾಡಿದರೆ ಇನ್ನೂ ಒಳ್ಳೆಯದು. ಅದಕ್ಕೊಂದು ಹೆಸರಿಡಲಿ, ಪಾಸ್‌ಪೋರ್ಟ್ ಬರೆಯಲಿ. ಸಂಜೆ ಬಂದ ಗೆಳೆಯರಿಗೆ ಅದರ ಊರು, ಊಟ, ಆಟಗಳನ್ನು ಮಗುವೇ ವಿವರಿಸಲಿ. ಹೇಳುವಾಗ ತಪ್ಪಿದರೆ ಮರುದಿನ ಹುಡುಕಿ ತಿದ್ದಿಕೊಳ್ಳಲಿ.

ಹಬ್ಬ ಮುಗಿದ ಮೇಲೆ ಬೊಂಬೆಗಳನ್ನು ಮಲಗಿಸಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವುದು ವಾಡಿಕೆ. ಆ ಪೆಟ್ಟಿಗೆಯಲ್ಲಿ ಅತಿಥಿಗೂ ಒಂದು ಜಾಗವಿರಲಿ. ಅವಳನ್ನು ಸುತ್ತಿಡುವ ಕೆಲಸ ಮಗುವಿನದಾಗಲಿ. ಜಪಾನಿನ ಉಪಾಧ್ಯಾಯಿನಿಯರು ಒಂದು ದುರ್ದಿನದಲ್ಲಿ ಬಟ್ಟೆ ಸುತ್ತಿ ಕಾಪಾಡಿದುದು ಇಂತಹುದೇ ಒಂದು ಬೊಂಬೆಯನ್ನು.